ಬೇಸಿಗೆ ರಾತ್ರಿಗೆ ಕಂಬಳಿ ಬೇಡವಾದದ್ದು ಯಾಕೆ?

ಅಕಾಲದ ಮಳೆಗೆ ಮರಿಗಳು ನೆನೆದಾವು ಅಂತ ರಾಮನಗರದ ಹತ್ತಿರದ ಕೈಲಾಂಚ ಊರಿನ ಬೀರಲಿಂಗಯ್ಯ ಕುರಿಮರಿ ಗೂಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಮಾರನೇ ದಿನ ಸುಡುಬಿಸಿಲು. ಕುರಿ ಹೊಡೆದುಕೊಂಡು ಮಧ್ಯಾಹ್ನ ಮನೆ ಹತ್ತಿರ ಬಂದವನಿಗೆ ಹೆಂಡತಿ ಪುಟ್ಟಗೌರಮ್ಮನ ಕೂಗು ಕೇಳಿಸಿತು.

"ಬಿರ‍್ರನೆ ಬನ್ನಿ! ಮರಿಗಳು ಏದುಸಿರು ಬಿಡ್ತಾವೆ!"

ಓಡಿ ಬಂದು ನೋಡಿದರೆ ಮರಿಗಳೆಲ್ಲ ಬಾಯಿ ತೆರೆದು ಬಿದ್ದಿದ್ದವು. ಪಕ್ಕದ ಮನೆಯಲ್ಲಿ ರೇಷ್ಮೆಹುಳು ಸಾಕುವ ಹಾಜಿರಾ ಅಷ್ಟರಲ್ಲೇ ಹಾಳೆ ಕಿತ್ತೆಸೆದಿದ್ದಳು. ಮೂವರೂ ಸೇರಿ ಮರಿಗಳನ್ನು ಹುಣಸೆಮರದ ನೆರಳಿಗೆ ಹೊತ್ತೊಯ್ದು, ಮೈಗೆ ನೀರು ಚಿಮುಕಿಸಿದರು. ಒಂದೊಂದೇ ಎದ್ದು ನಿಂತ ಮೇಲೆ ಬೀರಲಿಂಗಯ್ಯನಿಗೆ ಹೋದ ಜೀವ ಬಂದಂತಾಯಿತು.

"ಬಿಸಿಲು ಒಳಕ್ಕೆ ನುಗ್ತು, ಸೆಕೆ ಹೊರಕ್ಕೆ ಬರ್ನಿಲ್ಲ. ಭೂಮಿಗೂ ಹೆಚ್ಚುಕಮ್ಮಿ ಹಿಂಗೇ ಆಗೈತೆ ಅಣ್ಣ" ಅಂದಳು ಹಾಜಿರಾ.

"ಭೂಮಿಗೆ ಯಾರಮ್ಮ ಹಾಳೆ ಹೊದಿಸ್ದೋರು? ಸೂರ್ಯನೇ ಜಾಸ್ತಿ ಉರೀತಾವ್ನೆ, ಅಷ್ಟೇಯ."

"ಸೂರ್ಯ ಇದ್ದಂಗೇ ಅವ್ನೆ. ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಅಂತ ಅನಿಲ ಐತೆ, ಕಣ್ಣಿಗೆ ಕಾಣಾಕಿಲ್ಲ. ಭೂಮಿ ಕಾದು ಬಿಡೋ ಶಾಖಾನ ಹೀರ್ಕಂಡು, ಅದ್ರಲ್ಲಿ ಒಸಿ ಭಾಗಾನ ತಿರ್ಗಾ ಕೆಳಕ್ಕೇ ಕಳಿಸ್ತದೆ. ಅಂಥ ಅನಿಲ ಇಲ್ದಿದ್ರೆ ಭೂಮಿ ಮರಗಟ್ಟೋಗೋದು. ಆದ್ರೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟು ಸುಟ್ಟು ನಾವು ಅದನ್ನ ವಿಪರೀತ ಮಾಡ್ಬುಟ್ಟಿದೀವಿ. ಹಗಲು ಕುಡ್ದ ಬಿಸಿ ರಾತ್ರಿ ಮೊದ್ಲಿನಂಗೆ ಆರಾಕಿಲ್ಲ."

ರಾತ್ರಿ ಅಂದಾಗ ಬೀರಲಿಂಗಯ್ಯನಿಗೆ ಹಳೆಯ ದಿನಗಳು ನೆನಪಾದವು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂಡೆ ಮಗ್ಗುಲಲ್ಲಿ ಮಂದೆ ಕಾಯುತ್ತಾ ಮಲಗುತ್ತಿದ್ದ. ಬೇಸಿಗೆಯಲ್ಲೂ ಬೆಳಗಿನ ಜಾವಕ್ಕೆ ಕಂಬಳಿ ಎಳೆದುಕೊಳ್ಳಬೇಕಿತ್ತು. ಈಗ ಅಂಗಳದಲ್ಲಿ ಮಲಗಿದರೂ ಮೈಯೆಲ್ಲ ಬೆವರು.

"ಹೂಂ ಕಣಮ್ಮ, ದಿಟ" ಅಂದ. "ಆದ್ರೆ ಆ ಸುಡೋದ್ನ ಫ್ಯಾಕ್ಟ್ರಿಯೋರು, ಕಾರಿನೋರು ನಿಲ್ಲಿಸ್ಬೇಕಾದ್ದು. ನಾನೊಬ್ಬ ಏನ್ ಮಾಡ್ಲಿ?"

ಪುಟ್ಟಗೌರಮ್ಮ ಬಿಡಲಿಲ್ಲ. "ಎಲೆಅಡಿಕೆ ತರಾಕೂ ಬೈಕ್ ಹತ್ತಿ ರಾಮನಗರಕ್ಕೆ ಹೋಯ್ತೀರಲ್ಲ, ಆ ಹೊಗೆ ಯಾರ್ದು?"

ಹಾಜಿರಾ ನಕ್ಕಳು. "ಅವ್ರನ್ನೂ ಕೇಳಾಣ, ನಮ್ಮ ಕೈಲಾದ್ದೂ ಮಾಡಾಣ ಅಣ್ಣ."

ಈಗ ಬೀರಲಿಂಗಯ್ಯ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ. ತರಗು, ಕಸಕಡ್ಡಿಗೆ ಬೆಂಕಿ ಇಡದೆ ಗೊಬ್ಬರದ ಗುಂಡಿಗೆ ಹಾಕುತ್ತಾನೆ. ಗೂಡಿನ ಪಕ್ಕ ಹೊಂಗೆ, ಬೇವು ನೆಟ್ಟಿದ್ದಾನೆ. ಗ್ರಾಮಸಭೆಯಲ್ಲಿ ಎಂದೂ ಬಾಯಿ ಬಿಡದವನು ಈ ಸಲ ಎದ್ದು ನಿಂತು, "ಕರೆಂಟಿಗೂ ಕಲ್ಲಿದ್ದಲು ಸುಡ್ತಾರೆ, ಬೀದಿ ದೀಪಕ್ಕೆ ಸೋಲಾರ್ ಹಾಕ್ಸಿ" ಅಂತ ಕೇಳಿದ. ಹೆಂಗಸರೆಲ್ಲ ದನಿಗೂಡಿಸಿದರು. ಮೊದಲ ದೀಪ ಅವರ ಬೀದಿಯಲ್ಲೇ ಬೆಳಗುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ಈ ಸೆಕೆ ಒಂದೇ ದಿನಕ್ಕೆ ಏರಿದ್ದಲ್ಲ, ಒಂದೇ ದಿನಕ್ಕೆ ಇಳಿಯುವುದೂ ಇಲ್ಲ. ಇನ್ನೂ ಏರದಂತೆ ತಡೆಯುವ ಕಾಲ ಮಾತ್ರ ಮೀರಿಲ್ಲ. ನಿಮ್ಮೂರ ಗ್ರಾಮಸಭೆ ಯಾವತ್ತು ಅಂತ ಇವತ್ತೇ ವಿಚಾರಿಸಿ. ಹೋಗಿ, ಎದ್ದು ನಿಂತು ನಿಮ್ಮ ಬೀದಿಗೂ ಸೋಲಾರ್ ದೀಪ ಕೇಳಿ.