ಒಂದೇ ಸಲಕ್ಕೆ ಪಾಸಾದವನು

ಬ್ರೇಕ್ ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು ಪ್ರವಾಸಿ ಮಂದಿರದ ಹಿಂದಿನ ಬಯಲಿನಲ್ಲಿ ಮೇಜು ಹಾಕಿಸಿಕೊಂಡು ಕೂರುತ್ತಿದ್ದರು. ಕಾರು, ಲಾರಿ ಕಲಿತವರೆಲ್ಲ ಅವತ್ತು ಅವರ ಮುಂದೆ ಓಡಿಸಿ ತೋರಿಸಬೇಕು. ಪಾಸಾದವರಿಗೆ ಲೈಸೆನ್ಸು, ಫೇಲಾದವರಿಗೆ ಮುಂದಿನ ತಿಂಗಳು. ಹರಿಹರದ ಹಯಾತ್ ಸಾಬ್ ಅವತ್ತು ನಾಲ್ಕನೇ ಸಲ ಫೇಲಾದ.

ಫೇಲಾಗಿದ್ದಾದರೂ ಎಂಥದಕ್ಕೆ ಅಂತೀರಿ! ಎರಡು ಕೋಲು ನೆಟ್ಟು, ಅವುಗಳ ನಡುವೆ ಕಾರನ್ನು ಹಿಂದಕ್ಕೆ ತರಲು ಹೇಳಿದ್ದರು. ಹಯಾತ್ ಸಾಬ್ ಕಾರು ನಿಲ್ಲಿಸಿ ಬಾಗಿಲು ತೆಗೆದು ಇಳಿದ. ಹಿಂದೆ ಹೋಗಿ ನೆಲ ನೋಡಿದ. ನೆರಳಿಗೆ ಮಲಗಿದ್ದ ನಾಯಿಯೊಂದನ್ನು ಎಬ್ಬಿಸಿ ಕಳಿಸಿದ. ಆಮೇಲೆ ನಿಧಾನವಾಗಿ ಬಂದು ಮತ್ತೆ ಹತ್ತಿದ. ಇನ್ಸ್‌ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು.

"ಪರೀಕ್ಷೆ ನಡುವೆ ಗಾಡಿ ಬಿಟ್ಟು ಇಳಿದು ಹೋಗ್ತೀಯೇನಯ್ಯಾ? ಮುಂದಿನ ತಿಂಗಳು ಬಾ."

ಅವನದೇನು ತಪ್ಪು? ಇಪ್ಪತ್ತು ವರ್ಷ ಹರಿಹರದ ಸ್ಟೇಷನ್ ಮುಂದೆ ಜಟಕಾ ಹೊಡೆದವನು. ಕುದುರೆ ತಾನಾಗಿ ಹಿಂದಕ್ಕೆ ಹೋಗುವ ಪ್ರಾಣಿಯಲ್ಲ. ಇಳಿದು, ಹಿಂದೆ ಯಾರಿದ್ದಾರೆ ಏನಿದೆ ನೋಡಿ, ಲಗಾಮು ಹಿಡಿದು, ಪುಸಲಾಯಿಸಿ ತಳ್ಳಬೇಕು. ಇಳಿಯದೆ ಗಾಡಿಯನ್ನು ಹಿಂದಕ್ಕೆ ಸರಿಸುವುದು ಅವನ ಮೈಗೇ ಗೊತ್ತಿರಲಿಲ್ಲ. ಮೊದಲನೇ ಸಲವೂ ಹೀಗೇ ಆಗಿತ್ತು. 'ನಿಲ್ಲಿಸು' ಅಂದ ತಕ್ಷಣ ಬ್ರೇಕು ಮರೆತು, ಸ್ಟೇರಿಂಗನ್ನು ಎದೆಗೆ ಎಳೆದುಕೊಂಡು "ಹೋ... ಹೋ..." ಅಂದುಬಿಟ್ಟಿದ್ದ. ಎರಡನೇ ಸಲ ಹಾರನ್ ಹೊಡೆಯುವುದು ಬಿಟ್ಟು ಕಿಟಕಿಯಿಂದ ತಲೆ ಹೊರಹಾಕಿ "ಬಾಜೂ! ಬಾಜೂ!" ಎಂದು ಕೂಗಿದ. ಮೂರನೇ ಸಲ, ರಸ್ತೆಯ ಗುರುತುಗಳ ಚಿತ್ರ ತೋರಿಸಿ ಕೇಳಿದರೆ, "ಇಂಥವು ನಮ್ಮ ಹರಿಹರದ ದಾರಿಯಾಗೆ ಇಲ್ಲ ಸಾಹೇಬ್ರೆ" ಎಂದು ಪ್ರಾಮಾಣಿಕವಾಗಿ ಹೇಳಿದ.

ಬೇವಿನ ಮರದ ಕೆಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಕೆಂಚವೀರಪ್ಪನಿಗೆ ಕನಿಕರವೂ ಆಯಿತು, ನಾಚಿಕೆಯೂ ಆಯಿತು. ನಾಚಿಕೆ ಹಯಾತ್ ಸಾಬನದಲ್ಲ, ತನ್ನದು.

ಕೆಂಚವೀರಪ್ಪನದು ಹರಿಹರದ ಪೇಟೆಯಲ್ಲಿ ಕಬ್ಬಿಣದ ಅಂಗಡಿ. ನೇಗಿಲ ಗುಳ, ಮೊಳೆ, ಬಕೀಟು ಮಾರಿ ಮೇಲೆ ಬಂದವನು. ಹೋದ ವರ್ಷ ಹಳೇ ಹಿಲ್‌ಮನ್ ಕಾರೊಂದನ್ನು ಕೊಂಡಾಗ, ಜಟಕಾ ನಡೆಯದೆ ಕೈಕಟ್ಟಿ ಕೂತಿದ್ದ ಹಯಾತ್ ಸಾಬನನ್ನು ಡ್ರೈವರ್ ಮಾಡಿಕೊಳ್ಳುವುದೆಂದು ಮಾತಾಗಿತ್ತು. ಇಬ್ಬರೂ ಒಬ್ಬನೇ ಲಾರಿ ಡ್ರೈವರನ ಹತ್ತಿರ ಕಲಿತರು, ಒಂದೇ ದಿನ ಪರೀಕ್ಷೆಗೆ ಹೋದರು. ಹಯಾತ್ ಸಾಬ್ 'ಹೋ... ಹೋ...' ಅಂದು ಫೇಲಾದ. ಕೆಂಚವೀರಪ್ಪ ಒಂದೇ ಸಲಕ್ಕೆ ಪಾಸಾದ.

ಪಾಸಾಗದೆ ಏನು? ಅವನು ಪರೀಕ್ಷೆಗೆಂದೇ ಹುಟ್ಟಿದ ಮನುಷ್ಯ. ಗುರುತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ. ಕೈ ಸನ್ನೆಗಳನ್ನು ಡ್ರಿಲ್ ಮಾಸ್ತರರ ಹಾಗೆ ಮಾಡಿ ತೋರಿಸಿದ. ಊಟದ ಹೊತ್ತು ಬೇರೆ. ಇನ್ಸ್‌ಪೆಕ್ಟರಿಗೆ ಹಸಿವಾಗಿತ್ತು. ಬಯಲಿನ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡಿಸಿದ್ದೇ ಸಾಕೆಂದರು. ಲೈಸೆನ್ಸು ಬಂತು. ಓಡಿಸುವುದು ಮಾತ್ರ ಬರಲಿಲ್ಲ.

ಇದು ಅವನೊಬ್ಬನಿಗೇ ಗೊತ್ತು ಅಂದುಕೊಂಡಿದ್ದ. ಕ್ಲಚ್ ಬಿಟ್ಟರೆ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಎದುರಿಗೆ ಬಸ್ಸು ಕಂಡರೆ ಇವನ ಕೈ ಬೆವರುತ್ತಿತ್ತು. ಸ್ವಂತ ಅಂಗಡಿಯ ಕಟ್ಟೆಗೇ ಬಂಪರು ತಾಗಿಸಿ, "ಹಳೇ ಗಾಡಿ, ಎಳೀತೈತೆ" ಅಂದಿದ್ದ. ಅವತ್ತು ಬೆಳಿಗ್ಗೆ ಹರಿಹರದಿಂದ ಬರುವಾಗಲೂ ಬಾತಿ ಹಳ್ಳಿಯ ಹತ್ತಿರ ಶೇಂಗಾ ಹೇರಿದ ಗಾಡಿಯೊಂದು ಎದುರಾಗಿ, ಕಾರು ನೆಟ್ಟಗೆ ಜಾಲಿಪೊದೆಗೆ ನುಗ್ಗುವುದರಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಹಯಾತ್ ಸಾಬ್ ಮಾತಾಡದೆ ಕೈ ಹಾಕಿ ಸ್ಟೇರಿಂಗ್ ತಿರುಗಿಸಿದ, ಮಾತಾಡದೆ ಕೈ ತೆಗೆದ. ಆಮೇಲೆ ಹವಾ ತಣ್ಣಗೈತೆ ಅಂದ, ಅಷ್ಟೆ. ಒಳ್ಳೆಯ ಮನುಷ್ಯ.

ಈಗ ಅದೇ ದಾರಿಯಲ್ಲಿ ವಾಪಸು ಹೋಗಬೇಕು. ಸುಮ್ಮನೆ ಅಲ್ಲ, ಅವ್ವನನ್ನು ಕರೆದುಕೊಂಡು.

ಅವ್ವ ತಿಮ್ಮವ್ವನ ಒಂದು ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದೊಂದು ಕಣ್ಣಿಗೆ ಪೊರೆ ಬಂದು, ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿದ್ದರು. ಮೇಲೆ ಪಟ್ಟಿ ಕಟ್ಟಿ, ಅಲುಗದ ಹಾಗೆ ಮಲಗಿಸಿದ್ದರು. ಅವತ್ತು ಮನೆಗೆ ಕಳಿಸುವ ದಿನ. ಇವರಿಬ್ಬರೂ ಬಯಲಿನಿಂದ ಆಸ್ಪತ್ರೆಗೆ ಬಂದಾಗ ಕೆಂಚವೀರಪ್ಪನ ಹೆಂಡತಿ ಮೈಲಮ್ಮ ಗಂಟು ಕಟ್ಟಿಕೊಂಡು ಕಾದಿದ್ದಳು. ಅವಳ ತಮ್ಮ ರೇವಣ್ಣನೂ ಬಂದಿದ್ದ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ, ಮಾತಿನ ಮಲ್ಲ.

ಡಾಕ್ಟರು ಕೆಂಚವೀರಪ್ಪನನ್ನು ಪಕ್ಕಕ್ಕೆ ಕರೆದರು.

"ಇನ್ನೂ ಇಟ್ಕೊಳ್ಳೋಣ ಅಂದ್ರೆ ಹಾಸಿಗೆ ಇಲ್ಲ. ಮನೆಗೆ ಕರ್ಕೊಂಡು ಹೋಗ್ರಿ. ಆದ್ರೆ ತಲೆ ಕುಲುಕಬಾರದು. ಒಳಗಿನ ಗಾಯ ಹಸಿ ಐತೆ. ಬಸ್ಸು ಬ್ಯಾಡ, ಜಟಕಾ ಅಂತೂ ಬ್ಯಾಡವೇ ಬ್ಯಾಡ. ಒಂದು ಜೋರು ಹೊಡೆತ ಬಿದ್ರೆ ಕಣ್ಣು ಹೋದ ಹಾಗೇನೆ."

"ಕಾರೈತಲ್ಲ ಡಾಕ್ಟ್ರೆ" ಎಂದು ರೇವಣ್ಣ ನಡುವೆ ಬಾಯಿ ಹಾಕಿದ. "ನಮ್ಮ ಭಾವ ಒಂದೇ ಸಲಕ್ಕೆ ಪಾಸಾದೋರು! ಹೂವಿನಂಗೆ ಒಯ್ತಾರೆ."

ಕೆಂಚವೀರಪ್ಪ ಜೇಬಿನಿಂದ ಕಾರಿನ ಕೀಲಿ ತೆಗೆದ.

ಕಾರನ್ನು ಮೆಟ್ಟಿಲ ಹತ್ತಿರ ತಂದು ನಿಲ್ಲಿಸಿದರೆ ಅವ್ವನನ್ನು ನಡೆಸುವುದು ತಪ್ಪುತ್ತದೆ ಎಂದುಕೊಂಡು ಒಬ್ಬನೇ ಹೋಗಿ ಹತ್ತಿದ. ಮನಸ್ಸಿನಲ್ಲೇ ಮನೆದೇವರನ್ನು ನೆನೆದ. ಕ್ಲಚ್ಚನ್ನು ಮೆಲ್ಲಗೆ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಬಿಟ್ಟ. ಕಾರು ದಡಕ್ಕನೆ ಮುಂದಕ್ಕೆ ಹಾರಿತು, ನಿಂತಿತು, ಮತ್ತೆ ಹಾರಿತು. ಮೆಟ್ಟಿಲಿಗೆ ಗೇಣು ದೂರ ಇರುವಾಗ ಬ್ರೇಕು ಒತ್ತಿದ. ಹಣೆ ಹೋಗಿ ಸ್ಟೇರಿಂಗಿಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ಹಾಸಿದ್ದ ಹಾಸಿಗೆ, ದಿಂಬು ಎಲ್ಲ ಕೆಳಗೆ ಬಿದ್ದವು.

ಅವನು ತಿರುಗಿ ಆ ದಿಂಬನ್ನು ನೋಡಿದ. ಅವ್ವನ ತಲೆ ಇರಬೇಕಾಗಿದ್ದ ದಿಂಬು.

ಕೀಲಿ ತಿರುಗಿಸಿ ಇಂಜಿನ್ನು ನಿಲ್ಲಿಸಿ ಇಳಿದು ಬಂದ. ಮೆಟ್ಟಿಲ ಮೇಲೆ ಹೆಂಡತಿ, ಭಾವಮೈದುನ, ಇಬ್ಬರು ದಾದಿಯರು, ಪಟ್ಟಿ ಕಟ್ಟಿಸಿಕೊಂಡ ನಾಲ್ಕಾರು ಮುದುಕರು ನಿಂತಿದ್ದರು. ಅಷ್ಟೂ ಜನರ ಮುಂದೆ ಅವನು ಹೇಳಿದ:

"ಹಯಾತಣ್ಣ, ನೀನು ಹತ್ತು. ನಂಗೆ ಓಡ್ಸಕ್ಕೆ ಬರಲ್ಲ."

ಹೇಳುವ ತನಕ ಅದು ಬೆಟ್ಟದಷ್ಟು ದೊಡ್ಡದಾಗಿ ಕಂಡಿತ್ತು. ಹೇಳಿದ ಮೇಲೆ ನೋಡಿದರೆ ಏನೂ ಇಲ್ಲ. ಬಿಗಿ ಚಪ್ಪಲಿ ಕಳಚಿದಷ್ಟು ಹಾಯೆನಿಸಿತು.

ರೇವಣ್ಣನ ಮುಖ ನೋಡಬೇಕಿತ್ತು. "ಏನ್ ಭಾವ, ತಮಾಷೆನಾ? ಈ ಸಾಬ್ರು ಇವತ್ತು ಬೆಳಿಗ್ಗೇನೂ ಫೇಲಾಗಿ ಬಂದಾರೆ. ನಾಕು ಸಲ ಫೇಲಾದೋರ ಕೈಗೆ ಅತ್ತೆಮ್ಮನ ಕಣ್ಣು ಕೊಡ್ತೀರಾ?"

"ನಾನು ಪಾಸಾದೋನು ಕಣೋ ರೇವಣ್ಣ. ನನ್ನ ಕೈಗೆ ನಾನೇ ಕೊಡಲ್ಲ."

ಆದರೆ ಹಯಾತ್ ಸಾಬ್ ಹಿಂದಕ್ಕೆ ಸರಿದ. ಬಯಲಿನಲ್ಲಿ ಆದ ಅವಮಾನ ಇನ್ನೂ ಅವನ ಮುಖದ ಮೇಲೆ ಹಸಿಯಾಗಿತ್ತು.

"ಬ್ಯಾಡ್ರಿ ಸಾವ್ಕಾರ್ರೆ. ನಂಗೆ ಬರಲ್ಲ ಅಂತ ಸರ್ಕಾರನೇ ನಾಕು ಸಲ ಹೇಳೈತೆ. ಅವ್ವಾರ ಕಣ್ಣಿಗೆ ಏನಾರ ಆದ್ರೆ ನಾನು ಅಲ್ಲಾಹ್‌ಗೆ ಏನು ಜವಾಬು ಹೇಳ್ಲಿ?"

"ಬೆಳಿಗ್ಗೆ ಬಾತಿ ಹತ್ರ ಸ್ಟೇರಿಂಗ್ ತಿರುಗಿಸಿದ್ದು ಯಾರ ಕೈ? ನಂದಾ, ನಿಂದಾ?"

ಕೆಂಚವೀರಪ್ಪ ಕೀಲಿಯನ್ನು ಹಯಾತ್ ಸಾಬನ ಅಂಗೈಗೆ ಹಾಕಿದ.

"ಲೈಸೆನ್ಸ್ ಇರೋನು ಪಕ್ಕದಾಗೆ ಕೂತ್ರೆ ಕಲಿಯೋನು ಓಡಿಸಬೋದು ಅಂತ ಕಾನೂನೇ ಐತೆ. ನಾನು ಪಕ್ಕದಾಗೆ ಕೂಡ್ತೀನಿ. ನನ್ನ ಲೈಸೆನ್ಸು ಅಷ್ಟಕ್ಕಾದ್ರೂ ಬರ್ಲಿ ಮಾರಾಯಾ."

ಮೈಲಮ್ಮ ಗಂಟನ್ನು ಕಾರಿನೊಳಗೆ ಇಟ್ಟು, ದಿಂಬು ಎತ್ತಿ ಸರಿಮಾಡಿ, "ಹತ್ರಿ ಹಯಾತಣ್ಣ, ಬಿಸಿಲೇರ್ತೈತೆ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ತಿಮ್ಮವ್ವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಮೈಲಮ್ಮನ ತೊಡೆಯ ಮೇಲೆ. ಹಯಾತ್ ಸಾಬ್ ಕಾರನ್ನು ಒಂದು ಸುತ್ತು ಬಂದು, ನಾಲ್ಕೂ ಗಾಲಿ ಮುಟ್ಟಿ ನೋಡಿ, ಬಿಸ್ಮಿಲ್ಲಾ ಎಂದು ಹತ್ತಿದ. ಕಾರು ಯಾವಾಗ ಹೊರಟಿತೆಂದು ಕೆಂಚವೀರಪ್ಪನಿಗೆ ತಿಳಿಯಲಿಲ್ಲ. ಮೆಟ್ಟಿಲ ಮೇಲಿದ್ದ ರೇವಣ್ಣ ಹಿಂದೆ ಹಿಂದೆ ಹೋಗುತ್ತಿದ್ದುದನ್ನು ನೋಡಿ, ಓಹೋ ಹೊರಟೆವು ಅಂದುಕೊಂಡ.

ರೈಲ್ವೆ ಗೇಟಿನ ಹತ್ತಿರ ಹಳಿಗಳು ರಸ್ತೆಗಿಂತ ಎತ್ತರಕ್ಕಿದ್ದವು. ಹಯಾತ್ ಸಾಬ್ ಕಾರು ನಿಲ್ಲಿಸಿ ಇಳಿದ. ಹಳಿಯ ಪಕ್ಕ ಎಲ್ಲಿ ತಗ್ಗಿದೆ, ಎಲ್ಲಿ ಜಲ್ಲಿ ಸಮವಾಗಿದೆ ಎಂದು ಕಾಲಲ್ಲಿ ತುಳಿದು ನೋಡಿದ. ಎರಡು ಕಲ್ಲು ಎತ್ತಿ ತಗ್ಗಿಗೆ ಹಾಕಿದ. ಹಿಂದೆ ಬಂದು ನಿಂತಿದ್ದ ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಬೈಯತೊಡಗಿದ.

"ಹೊಡ್ಕೊಳ್ಲಿ ಬಿಡು" ಎಂದ ಕೆಂಚವೀರಪ್ಪ. "ನೀನು ನಿಧಾನಕ್ಕೆ ನೋಡು."

ಕಾರು ಓರೆಯಾಗಿ ಹಳಿ ಹತ್ತಿತು. ಒಂದೊಂದೇ ಗಾಲಿ ಏರಿತು, ಒಂದೊಂದೇ ಇಳಿಯಿತು. ಕೆಂಚವೀರಪ್ಪ ಹಿಂದೆ ತಿರುಗಿ ನೋಡಿದ. ಅವ್ವನ ತಲೆ ಇಟ್ಟಲ್ಲೇ ಇತ್ತು. ಮೈಲಮ್ಮ ಕಣ್ಣಲ್ಲೇ ಏನೂ ಆಗಿಲ್ಲ ಅಂದಳು.

ಹರಿಹರಕ್ಕೆ ಹೋಗುವ ಪಿ.ಬಿ. ರೋಡಿಗೆ ಬಂದ ಮೇಲೆ ಹಯಾತ್ ಸಾಬನ ಹೆಗಲು ಸಡಿಲವಾಯಿತು. ಅವನು ಕಾರನ್ನು ನೋಡುತ್ತಿರಲಿಲ್ಲ, ಗೇರನ್ನೂ ನೋಡುತ್ತಿರಲಿಲ್ಲ. ದೂರದಲ್ಲಿ ಎಮ್ಮೆ ಕಂಡರೆ, ಅದು ಈ ಕಡೆಗೆ ಬರುತ್ತದೋ ಆ ಕಡೆಗೆ ಹೋಗುತ್ತದೋ ಎಂದು ಅದರ ಕಿವಿ ನೋಡಿಯೇ ಮೊದಲೇ ಕಾಲು ಸಡಿಲಿಸುತ್ತಿದ್ದ. ಎದುರು ಬಂದ ಗಾಡಿಯವನಿಗೆ ದಾರಿ ಬಿಟ್ಟು, "ಬರ್ರಿ, ಬರ್ರಿ" ಅನ್ನುತ್ತಿದ್ದ. ಬಾಯಲ್ಲಿ ಇಂಜಿನ್ನಿನ ಜೊತೆ ಏನೋ ಮಾತು ನಡೆದೇ ಇತ್ತು. ಶಹಬ್ಬಾಸ್, ಮೆಲ್ಲಗೆ ಬೇಟಾ, ಹಾಂ ಹಂಗೆ. ಹಿಲ್‌ಮನ್ನೂ ಅವನ ಮಾತು ಕೇಳಿದಂತೆಯೇ ಇತ್ತು.

ಕೆಂಚವೀರಪ್ಪ ಮೊದಲ ಸಲ ಆ ದಾರಿಯನ್ನು ನೋಡಿದ. ಇಷ್ಟು ದಿನ ಅವನಿಗೆ ಕಂಡಿದ್ದು ಎದುರಿಗೆ ಬರುವ ಬಸ್ಸು ಮಾತ್ರ. ಈಗ ನೋಡಿದರೆ ಬಾತಿಯ ಗುಡ್ಡ ಇದೆ, ಕಬ್ಬಿನ ಗದ್ದೆ ಇದೆ, ಹುಣಸೇಮರಗಳು ಎರಡೂ ಕಡೆಯಿಂದ ನೆರಳು ಹಿಡಿದಿವೆ. ಬೆವರದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ದೊಡ್ಡವರ ಜೊತೆ ಹೊರಟ ಹುಡುಗನ ಹಾಗೆ ಕಿಟಕಿಗೆ ಆತು ಕೂತ.

ಎಷ್ಟು ಹೊತ್ತಾಯಿತೋ ಏನೋ. ಬಿಸಿಲು ಇಳಿಯತೊಡಗಿದಾಗ ಹರಿಹರದ ಮನೆಯ ಮುಂದೆ ಕಾರು ನಿಂತಿತು. ನಡೆದು ಬಂದವರೂ ಬೇಗ ಬರುತ್ತಿದ್ದರೇನೋ. ತಿಮ್ಮವ್ವ ಗೊರಕೆ ಹೊಡೆಯುತ್ತಿದ್ದಳು. ಮೈಲಮ್ಮ ಅವಳ ಕೆನ್ನೆ ತಟ್ಟಿ, "ಅತ್ತೆಮ್ಮ, ಮನೆ ಬಂತು" ಅಂದಳು.

"ಹೌದಾ? ಹೊರಟೇ ಇಲ್ಲ ಅಂದ್ಕೊಂಡಿದ್ದೆ" ಎಂದಳು ತಿಮ್ಮವ್ವ.

ಕೆಂಚವೀರಪ್ಪನಿಗೆ ಅಳು ತಡೆಯಲಾಗಲಿಲ್ಲ. ನಡುಬೀದಿಯಲ್ಲಿ ನಿಂತು, ಹಯಾತ್ ಸಾಬನ ಎರಡೂ ಕೈ ಹಿಡಿದುಕೊಂಡು ಅತ್ತ. ಹಯಾತ್ ಸಾಬನಿಗೆ ಮುಜುಗರವಾಗಿ, "ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ" ಅನ್ನುತ್ತ ಅವನೂ ಮೂಗು ಒರೆಸಿಕೊಂಡ.

ವಾರ ಕಳೆದು ಪಟ್ಟಿ ಬಿಚ್ಚಿಸಲು ಮತ್ತೆ ದಾವಣಗೆರೆಗೆ ಹೋದರು. ಈ ಸಲ ಯಾರು ಎಲ್ಲಿ ಕೂರಬೇಕೆಂದು ಯಾರೂ ಕೇಳಲಿಲ್ಲ. ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕೆಂಚವೀರಪ್ಪ ಗೋಡೆ ಹಿಡಿದು ನಿಂತಿದ್ದ. ಗಾಯ ಚೊಕ್ಕ ಕೂಡಿದೆ, ಒಂದಿಷ್ಟೂ ಅಲುಗಿಲ್ಲ ಎಂದರು ಡಾಕ್ಟರು. ದಪ್ಪ ಕನ್ನಡಕ ಹಾಕಿಸಿದಾಗ ತಿಮ್ಮವ್ವ ಮಗನ ಮುಖವನ್ನೇ ನೋಡಿ, "ಎಷ್ಟು ಸೊರಗೀಯೋ ಮಗಾ" ಅಂದಳು. ಹೊಟ್ಟೆ ಬಂದವನಿಗೆ ಸೊರಗಿದ್ದೀಯ ಅನ್ನುವುದು ತಾಯಂದಿರಿಂದ ಮಾತ್ರ ಸಾಧ್ಯ. ಅದನ್ನು ಕೇಳಿ ಅವನಿಗೆ ಹೋದ ಜೀವ ಬಂತು.

ವಾಪಸು ಬರುವಾಗ ತಿಮ್ಮವ್ವ ಎದ್ದು ಕೂತು ದಾರಿ ನೋಡಿಕೊಂಡು ಬಂದಳು. ಹಯಾತ್ ಸಾಬ್ ಸ್ಟೇರಿಂಗ್ ಹಿಡಿದೇ ಕೇಳಿದ:

"ಇನ್ನು ಮೂರು ವಾರಕ್ಕೆ ಮತ್ತೆ ಬ್ರೇಕ್ ಇನ್ಸ್‌ಪೆಕ್ಟರು ಬರ್ತಾರ್ರಿ ಸಾವ್ಕಾರ್ರೆ. ಐದ್ನೇ ಸಲಾನೂ ಫೇಲಾದ್ರೆ?"

"ಆಗು. ನಾನು ಪಕ್ಕದಾಗೆ ಕೂತಿರ್ತೀನಲ್ಲ" ಎಂದ ಕೆಂಚವೀರಪ್ಪ.

ಹಿಂದಿನಿಂದ ತಿಮ್ಮವ್ವ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಬಾಯಿ ಒರೆಸಿಕೊಂಡು, "ವೀರಪ್ಪ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ" ಅಂದಳು. "ಕಣ್ಣು ಕೊಯ್ಯೋವಾಗ ನಾನು ಒಂದು ಚೂರೂ ಹೆದರಲಿಲ್ಲ. ವಾಪಸ್ ನಿನ್ನ ಕಾರಾಗೆ ಬರ್ಬೇಕಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನೋಡು. ಹಯಾತಣ್ಣ ಹತ್ತಿದ್ದು ಗೊತ್ತಾದ ಮೇಲೇ ನಂಗೆ ಕಣ್ಣು ಹತ್ತಿದ್ದು."

ಕೆಂಚವೀರಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಮೈಲಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ಹೆಗಲು ನಗೆಯಿಂದ ಅಲುಗುತ್ತಿತ್ತು.

"ಎಲ್ರಿಗೂ ಗೊತ್ತಿತ್ತಾ? ಮತ್ತೆ ಯಾಕವ್ವ ಮೊದ್ಲೇ ಹೇಳಲಿಲ್ಲ?"

"ಹೆಂಗೆ ಹೇಳ್ಲೋ?" ಎಂದಳು ತಿಮ್ಮವ್ವ. "ನನ್ನ ಮಗ ಒಂದೇ ಸಲಕ್ಕೆ ಪಾಸಾದ ಅಂತ ಮನೆಮನೆಗೆ ಸಕ್ಕರೆ ಹಂಚಿ ಬಂದೋಳೇ ನಾನು."