ಕಿವುಡು ಕೋಣೆಯಲ್ಲಿ ಕಸವಿರಲಿಲ್ಲ

ಪಾವ್ಲಾ ಅತ್ತೆ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು ತೀರ್ಪು ಕೊಟ್ಟೇಬಿಟ್ಟರು.

“ಎರಡನೇದು ಏನೂ ಎಳೆಯಲ್ಲ ಕಣೇ ಬ್ರೇದಾ. ಹಲ್ಲಿಲ್ಲದ ಮುದುಕ ಸೂಪು ಹೀರಿದ ಹಾಗಿದೆ. ಮೊದಲನೇದು ನೋಡು, ಅದು ಮೆಷಿನ್ನು ಅಂದ್ರೆ!”

ಸಾಲಾಗಿ ಕೂತಿದ್ದ ಉಳಿದ ಹೆಂಗಸರೂ ಹೌದೆಂದು ತಲೆಯಾಡಿಸಿದರು. ಆ ಎರಡನೆಯದು ಬ್ರೇದಾಳ ಆರು ವರ್ಷದ ದುಡಿಮೆ.

ಸ್ಲೊವೇನಿಯಾದ ಆ ಕಣಿವೆಯ ಕಾರ್ಖಾನೆ, ಮನೆಯ ಕಸ ಹೀರುವ ವ್ಯಾಕ್ಯೂಮ್ ಕ್ಲೀನರುಗಳನ್ನು ಮಾಡುತ್ತಿತ್ತು. ಹೊಸ ಮಾದರಿ ತಯಾರಿಗೆ ಹೋಗುವ ಮುನ್ನ ಕಾರ್ಖಾನೆಯ ಹೆಂಗಸರನ್ನು ಕೂರಿಸಿ ಅದರ ಸದ್ದು ಕೇಳಿಸಿ ಅಭಿಪ್ರಾಯ ಪಡೆಯುವುದು ಅಲ್ಲಿನ ಪದ್ಧತಿ. ಸದ್ದನ್ನು ದಾಖಲಿಸುತ್ತಿದ್ದದ್ದು ಕಿವುಡು ಕೋಣೆಯಲ್ಲಿ. ಗೋಡೆ, ಸೂರು ಎಲ್ಲಕ್ಕೂ ಸ್ಪಂಜಿನ ಮುಳ್ಳು ಹೊದಿಸಿದ, ನಿಂತವರಿಗೆ ತಮ್ಮ ಎದೆಬಡಿತವೇ ಕೇಳಿಸುವ ಕೋಣೆ ಅದು. ಆ ಕೋಣೆಗೂ ಸದ್ದಿನ ಸಂಶೋಧನೆಗೂ ಬ್ರೇದಾಳೇ ಮುಖ್ಯಸ್ಥೆ. ಮೋಟಾರಿನ ಫ್ಯಾನಿನ ರೆಕ್ಕೆಗಳನ್ನು ಅಸಮ ಅಂತರದಲ್ಲಿಟ್ಟು ಅದರ ಕಿರುಚನ್ನು ಕೊಂದಿದ್ದಳು. ಕೊಳವೆಯ ಒಳಗೆ ಮೆತ್ತನೆಯ ಪದರ ಹಾಕಿ, ಹಿಡಿಗೆ ರಬ್ಬರು ತುಂಬಿ ಕೊನೆಯ ಗುಂಯ್‌ಗುಡುವಿಕೆಯನ್ನೂ ಅಡಗಿಸಿದ್ದಳು.

“ಜನ ಸದ್ದಿಗೇ ದುಡ್ಡು ಕೊಡ್ತಾರೆ,” ಎಂದ ಮಾರಾಟ ವಿಭಾಗದ ರೋಕ್. ಅಗ್ಗದ ಮೋಟಾರಿನ, ಗದ್ದಲದ ಆ ಮೊದಲನೆಯ ಮಾದರಿ ಅವನ ಕೂಸು. “ನೀನು ಮೌನ ಮಾರೋಕೆ ಹೊರಟಿದ್ದೀಯ. ಮಠಕ್ಕೆ ಹೋಗಿ ಮಾರು.”

“ಬೊಗಳೋ ನಾಯಿ ಕಚ್ಚಲ್ಲ ರೋಕ್. ಎರಡೂ ಒಂದೇ ಸಮ ಎಳೀತಾವೆ ಅಂತ ಪಕ್ಕದ ವಿಭಾಗದವ್ರು ಅಳೆದು ಕೊಟ್ಟಿದ್ದಾರಲ್ಲ?”

“ಅಳತೆ ನಂಬಲೋ, ನನ್ನ ಕಿವಿ ನಂಬಲೋ?” ಎಂದು ಪಾವ್ಲಾ ಅತ್ತೆ ಕೋಟು ಹಾಕಿಕೊಂಡು ಎದ್ದರು.

ಡೈರೆಕ್ಟರ್ ಲೋಯ್ಜೆ ನಿರ್ಧಾರವನ್ನು ಕ್ರಿಸ್‌ಮಸ್ಸಿನ ಹಿಂದಿನ ಶುಕ್ರವಾರಕ್ಕೆ ಇಟ್ಟಿದ್ದರು. ಎರಡರಲ್ಲಿ ಒಂದು ಮಾದರಿ ತಯಾರಿಗೆ, ಇನ್ನೊಂದರ ಅಚ್ಚುಗಳು ಗುಜರಿಗೆ. ಬ್ರೇದಾಳಿಗೆ ಇದು ಬರೀ ನೌಕರಿಯ ಮಾತಾಗಿರಲಿಲ್ಲ. ಅವಳ ಅಮ್ಮ ಫ್ರಾಂಚ್ಕಾ ಇದೇ ಕಾರ್ಖಾನೆಯ ಮೋಟಾರು ಪರೀಕ್ಷೆಯ ಶೆಡ್ಡಿನಲ್ಲಿ ಹುಡುಗಿಯಾಗಿದ್ದಾಗಿಂದ ದುಡಿದು, ಐವತ್ತು ತುಂಬುವ ಮೊದಲೇ ಕಿವಿ ಕಳೆದುಕೊಂಡವರು. ಅಮ್ಮನ ಕಿವಿ ತಿಂದ ಸದ್ದನ್ನು ತಾನು ತಿಂದುಹಾಕಬೇಕು ಎಂಬ ಹಟದಲ್ಲೇ ಅವಳು ಈ ವಿದ್ಯೆ ಕಲಿತದ್ದು. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೇಳಿದರೆ ಅಳು ಬರುತ್ತಿತ್ತು.

ಶನಿವಾರ ಅವಳು ತನ್ನ ಯಂತ್ರವನ್ನು ಕಾರಿಗೆ ಹಾಕಿಕೊಂಡು ಅಮ್ಮನ ಮನೆಗೆ ಹೋದಳು. ಅಮ್ಮ ಹಬ್ಬದ ಪೊತಿತ್ಸಾ ರೊಟ್ಟಿಗೆಂದು ಆಕ್ರೋಟ ಒಡೆಯುತ್ತಾ ಕೂತಿದ್ದರು. ಚಿಪ್ಪಿನ ಚೂರು ಜಮಖಾನೆಯ ತುಂಬ ಚೆಲ್ಲಿತ್ತು. ಬ್ರೇದಾ ಯಂತ್ರವನ್ನು ಅವರ ಕೈಗೆ ಕೊಟ್ಟು ಎದುರಿಗೆ ನಿಂತಳು, ತುಟಿ ಕಾಣಲಿ ಎಂದು. ಅಮ್ಮ ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಕೊಳವೆ ಹಿಡಿದು ಎರಡು ಸಲ ಎಳೆದು ನಿಲ್ಲಿಸಿದರು.

“ಇದು ಸತ್ತಿದೆ.”

“ಓಡ್ತಿದೆ ಅಮ್ಮ! ಲೈಟ್ ಉರೀತಿದೆ ನೋಡು.”

“ಓಡೋದು ಗೊತ್ತಾಗುತ್ತೆ, ನನಗೇನು ಕೈಯೂ ಹೋಗಿದೆಯಾ? ಏನೂ ಬರ್ತಿಲ್ಲ ಅಂದೆ.”

ಜಮಖಾನೆ ಮಾತ್ರ ಸ್ವಚ್ಛವಾಗಿತ್ತು. ಆದರೂ ಅಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಿಂದ ಸವರಿ ನೋಡಿದರು. ಬ್ರೇದಾ ಮೂಲೆಯಲ್ಲಿದ್ದ ಅಮ್ಮನ ಹಳೆಯ ಕ್ಲೀನರನ್ನು ಎಳೆದು ತಂದು, ಒಂದು ಹಿಡಿ ಚಿಪ್ಪು ಚೆಲ್ಲಿ, ತಾನೇ ಅದರ ಕಬ್ಬಿಣದ ಕೊಳವೆ ಹಿಡಿದುಕೊಂಡಳು. ಟಕ್, ಟಕಟಕ, ಟಕ್. ಚಿಪ್ಪಿನ ಒಂದೊಂದು ಚೂರೂ ಅಂಗೈಯನ್ನು ತಟ್ಟಿ ಮೇಲೆ ಹೋಯಿತು.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆರು ವರ್ಷದಲ್ಲಿ ಒಂದು ದಿನವೂ ಕಿವುಡು ಕೋಣೆಯೊಳಗೆ ಕಸ ಹೋಗಿರಲಿಲ್ಲ. ಹೊಸ ಜಮಖಾನೆ, ಖಾಲಿ ಕೊಳವೆ, ಶುದ್ಧ ಗಾಳಿ. ಸದ್ದು ಅಳೆಯುವವರು ಕಸ ಮುಟ್ಟುವುದಿಲ್ಲ, ಕಸ ಅಳೆಯುವವರು ಸದ್ದು ಕೇಳುವುದಿಲ್ಲ. ಮೋಟಾರಿನ ಅರಚಾಟದ ಜೊತೆಗೆ ಕಸ ಮೇಲೇರುವ ಸದ್ದನ್ನೂ, ಕೈಗೆ ತಟ್ಟುವ ಅದರ ಬಡಿತವನ್ನೂ ಅವಳ ಮೆತ್ತನೆಯ ಪದರ, ರಬ್ಬರು ನುಂಗಿದ್ದವು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಗಿತ್ತು ಅವಳ ಕೆಲಸ. ಮೊದಲು ನಾಚಿಕೆಯಾಯಿತು, ಆಮೇಲೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೆ ಬ್ರೇದಾ ಸುಮ್ಮನೆ ಕೂರುವವಳಲ್ಲ.

ಸೋಮವಾರ ಪದರವನ್ನೂ ಹಿಡಿಯ ರಬ್ಬರನ್ನೂ ಕಿತ್ತು ಬಿಸಾಡಿದಳು. ಫ್ಯಾನನ್ನು ಮುಟ್ಟಲಿಲ್ಲ. ಸದ್ದು ಮೂರು ಡೆಸಿಬೆಲ್ ಏರಿತು. ದೇಶದಲ್ಲೇ ಅತಿ ಕಡಿಮೆ ಸದ್ದಿನದು ಎಂದು ಡಬ್ಬಿಯ ಮೇಲೆ ಅಚ್ಚಾಗಬೇಕಿದ್ದ ಅಂಕಿ ಅಲ್ಲಿಗೆ ಕೈತಪ್ಪಿತು.

“ಆ ಅಂಕಿಗೋಸ್ಕರಾನೇ ತಾನೆ ನಿನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದು!” ಎಂದು ಲೋಯ್ಜೆ ಕೂಗಾಡಿದರು.

“ಅಂಕಿ ಹೋಗ್ಲಿ ಬಿಡಿ ಡೈರೆಕ್ಟ್ರೇ. ಇನ್ನೊಂದ್ಸಲ ಅದೇ ಹೆಂಗಸರನ್ನ ಕರೆಸಿ. ಹೆಡ್‌ಫೋನ್ ಬೇಡ, ಕಿವುಡು ಕೋಣೆ ಬೇಡ. ಕ್ಯಾಂಟೀನಲ್ಲಿ, ಕಸದ ಮೇಲೆ ಓಡಿಸೋಣ.”

“ಆಗ್ಲೂ ಸೋತ್ರೆ?”

“ಸೋತ್ರೆ ಅಚ್ಚುಗಳನ್ನ ನಾನೇ ಗುಜರಿಗೆ ಹೊತ್ಕೊಂಡು ಹೋಗ್ತೀನಿ. ಆದ್ರೆ ಕಸ ಹಾಕದೆ ಸೋಲಲ್ಲ.”

ಶುಕ್ರವಾರ ಕ್ಯಾಂಟೀನಿನಲ್ಲಿ ಜಮಖಾನೆ ಹಾಸಿ ಅದರ ಮೇಲೆ ಆಕ್ರೋಟದ ಚಿಪ್ಪು, ರೊಟ್ಟಿಯ ಪುಡಿ, ಬೂಟಿನಿಂದ ಉದುರಿದ ಒಣಮಣ್ಣು ಎಲ್ಲ ಚೆಲ್ಲಿದರು. ಮೊದಲು ರೋಕ್‌ನ ಯಂತ್ರ. ಪಾವ್ಲಾ ಅತ್ತೆ ಉತ್ಸಾಹದಿಂದಲೇ ಹಿಡಿದರು. ಒಂದು ಸಲ ಎಳೆದು ಬಗ್ಗಿ ನೋಡಿದರು, ಮತ್ತೆ ಎಳೆದು ಮತ್ತೆ ಬಗ್ಗಿದರು. ಏನೋ ಕೂಗಿದರು.

“ಏನು?” ರೋಕ್ ಕಿವಿಯ ಹಿಂದೆ ಕೈಯಿಟ್ಟ.

ಅತ್ತೆ ಕಾಲಿನಿಂದ ಒದ್ದು ಯಂತ್ರ ಆರಿಸಿದರು. “ಕಸ ಬರ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ ಕಣೋ! ಬರೀ ಗಂಟಲು. ನಮ್ಮ ಯಜಮಾನ್ರ ಹಾಗೆ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಬ್ರೇದಾಳಿಗೆ ಮಾತ್ರ ನಗು ಬರಲಿಲ್ಲ. ಮತ್ತೆ ಕಸ ಚೆಲ್ಲಿ, ತನ್ನ ಯಂತ್ರವನ್ನು ಅತ್ತೆಯ ಕೈಗೆ ಕೊಟ್ಟು, ಗುಂಡಿ ತಾನೇ ಒತ್ತಿ ಹಿಂದೆ ಸರಿದು, ಕ್ಯಾಂಟೀನಿನ ಆ ತುದಿಯ ಗೋಡೆಗೆ ಒರಗಿ ನಿಂತಳು.

ಟಕಟಕನೆ ಚಿಪ್ಪು ಕೊಳವೆಯಲ್ಲಿ ಏರಿತು. “ಹಾಂ, ಬಂತು ಬಂತು,” ಎಂದರು ಅತ್ತೆ. ಜಮಖಾನೆ ಮುಗಿದರೂ ನಿಲ್ಲಲಿಲ್ಲ. ಮೇಜಿನ ಕೆಳಗೆ ನುಗ್ಗಿದರು. ಎಳೆಯುತ್ತಲೇ ಪಕ್ಕದವಳನ್ನು, ಪೊತಿತ್ಸಾದ ಹಿಟ್ಟು ಉಬ್ಬಿತೇ ಎಂದು ಕೇಳಿದರು. ಅವಳು ಈ ಸಲದ ಯೀಸ್ಟ್ ಸರಿಯಿಲ್ಲವೆಂದಳು, ಇನ್ನೊಬ್ಬಳು ಯೀಸ್ಟಲ್ಲ, ನಿನ್ನ ಅಡುಗೆಮನೆಯೇ ತಣ್ಣಗಿದೆ ಎಂದಳು. ಜಗಳ ಬೆಳೆಯಿತು.

“ಕಾಲೆತ್ತಿ ಡೈರೆಕ್ಟ್ರೇ,” ಎಂದರು ಅತ್ತೆ. ಲೋಯ್ಜೆ ಕುರ್ಚಿಯಲ್ಲೇ ಎರಡೂ ಕಾಲೆತ್ತಿಕೊಂಡರು.

ಏನು ನಡೆಯುತ್ತಿದೆ ಎಂದು ಬ್ರೇದಾಳಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಯಂತ್ರ ಓಡುತ್ತಿತ್ತು, ಆದರೆ ಒಬ್ಬರೂ ಕೂಗಿ ಮಾತಾಡುತ್ತಿರಲಿಲ್ಲ.

ಲೋಯ್ಜೆ ಕಾಲೆತ್ತಿಕೊಂಡೇ ಅವಳ ಕಡೆ ತಿರುಗಿದರು. ಊಟದ ಮೇಜಿನಲ್ಲಿ ಉಪ್ಪು ಕೇಳುವ ದನಿಯಲ್ಲಿ, “ಇದನ್ನೇ ಮಾಡೋಣ ಬ್ರೇದಾ,” ಎಂದರು.

ಯಂತ್ರವನ್ನು ಯಾರೂ ಆರಿಸಿರಲಿಲ್ಲ. ಆ ತುದಿಯ ಗೋಡೆಗೆ ಒರಗಿ ನಿಂತಿದ್ದ ಬ್ರೇದಾಳಿಗೆ ಪ್ರತಿ ಅಕ್ಷರವೂ ಕೇಳಿಸಿತು.