ಇಸಿಲೇಲಿಯ ಹೊಟ್ಟೆನೋವು

"ಹಾಗಾದ್ರೆ ಕುಡಿತ ಅಲ್ವಾ?" ಸೇಯಿನಿ ಇನ್ನೊಮ್ಮೆ ಕೇಳಿದಳು.

"ಅಲ್ಲಮ್ಮಾ. ಪಿತ್ತಕೋಶದಲ್ಲಿ ಕಲ್ಲು. ಒಂದು ಜಾರಿ ನಾಳದಲ್ಲಿ ಸಿಕ್ಕೊಂಡಿದೆ, ಅದಕ್ಕೇ ಮೇದೋಜೀರಕ ಊದ್ಕೊಂಡಿದೆ" ಎಂದರು ಡಾಕ್ಟರು. "ಕುಡಿಯೋರಿಗಷ್ಟೇ ಬರೋ ಕಾಯಿಲೆ ಅಲ್ಲ ಇದು. ಕಲ್ಲಿಂದಾನೂ ಎಷ್ಟೋ ಜನಕ್ಕೆ ಬರುತ್ತೆ. ಔತಣ ಉಂಡ್ಮೇಲೆ ನೋವು ಜಾಸ್ತಿ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಈಸ್ಟರಿನ ದಿನ ಸುಟ್ಟ ಹಂದಿ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ಉಂಡು ಬಂದ ಅವಳ ಗಂಡ ಇಸಿಲೇಲಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಚಾಪೆಯ ಮೇಲೆ ಮುದುಡಿ ಬಿದ್ದಿದ್ದ. ಅವಳ ತಮ್ಮ ಮೋಸೆಸೆಯೂ ಸಾಯುವ ಮುನ್ನ ಹಾಗೆಯೇ ಮುದುಡಿದ್ದ. ಅವನದು ಕುಡಿತ; ವವಾಉ ದ್ವೀಪಕ್ಕೆಲ್ಲ ಗೊತ್ತಿದ್ದ ಸಂಗತಿ.

"ಬಾಟ್ಲಿ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಅವಳು ಹಿತ್ತಲೆಲ್ಲ ತಡಕಿದ್ದಳು. ಏನೂ ಸಿಗಲಿಲ್ಲ. ಎಷ್ಟು ಜಾಣತನದಿಂದ ಅಡಗಿಸಿದ್ದಾನೆ ಎಂದುಕೊಂಡಳು.

"ದೇವ್ರಿಗೆ ಗೊತ್ತು ಕಣೇ, ನಾನು ಮುಟ್ಟಿಲ್ಲ."

"ನನ್ನ ತಮ್ಮನೂ ದೇವ್ರನ್ನೇ ಕರೀತಿದ್ದ."

ಮರುದಿನ ತಾನೇ ಪಾದ್ರಿಗಳ ಮನೆಗೆ ಹೋಗಿ, ಗಂಡ ಕುಡಿಯುತ್ತಾನೆಂದು ಹೇಳಿಬಂದಿದ್ದಳು. ಮುಂದಿನ ಭಾನುವಾರ ಚರ್ಚಿನಲ್ಲಿ ನಿಂತು ಪ್ರಸಂಗ ಮಾಡಿ ಉಪದೇಶಿಸುವವರ ಹೆಸರುಗಳಲ್ಲಿ, ಯಾವಾಗಲೂ ಇರುತ್ತಿದ್ದ ಇಸಿಲೇಲಿಯ ಹೆಸರು ಬರಲಿಲ್ಲ. ಆಗಲೂ ಅವನು, ಚರ್ಚಿಗೆ ಹೋಗುವಾಗ ಅಲ್ಲಿಯವರೆಲ್ಲ ಉಡುವಂತೆ ಸೊಂಟಕ್ಕೆ ಚಾಪೆ ಕಟ್ಟಿ, ಜನರ ನಡುವೆ ಕುಳಿತು ಹಾಡಿದ.

ಈಗ ಆಸ್ಪತ್ರೆಯಲ್ಲಿ ಡಾಕ್ಟರು ಆಚೆ ಹೋದ ಮೇಲೆ, ಜೊತೆಗೆ ಬಂದಿದ್ದ ನಾದಿನಿ ಲೂಪೆ ಅವಳತ್ತ ತಿರುಗಿದಳು. "ನನ್ನಣ್ಣ ಕುಡುಕ ಅಂತ ಸಾರಿ ಬಂದ್ಯಲ್ಲಾ ಅತ್ತಿಗೆ, ಈಗ ಕಲ್ಲು ಅಂತ್ಲೂ ಸಾರಿ ಬಾ. ಬೇಕಾದ್ರೆ ಚರ್ಚಿನ ಗಂಟೆ ನಾನೇ ಹೊಡೀತೀನಿ."

ಸೇಯಿನಿ ಪಾದ್ರಿಗಳ ಮನೆಗೆ ಹೋಗಿ ಹೇಳಿದಳು, ಕಲ್ಲು ಎಂದು.

ಶಸ್ತ್ರಚಿಕಿತ್ಸೆ ಆಗಿ ಇಸಿಲೇಲಿ ಮನೆಗೆ ಬಂದ ಮೇಲೆ ಪಾದ್ರಿಗಳೇ ಬಂದರು. "ನಮ್ಮಿಂದ ತಪ್ಪಾಯ್ತು. ಬರೋ ಭಾನುವಾರ ನೀವೇ ಪ್ರಸಂಗ ಮಾಡ್ಬೇಕು" ಎಂದರು.

"ನೋಡೋಣ ಸ್ವಾಮಿ" ಎಂದ ಅವನು, ಬಾಗಿಲವರೆಗೂ ಹೋಗಿ ಅವರನ್ನು ಕಳಿಸಿಕೊಟ್ಟ.

ಆ ಸಂಜೆ ಅವಳು ಬೇಯಿಸಿದ ಕೆಸುವಿನ ಗಡ್ಡೆ, ತೆಂಗಿನ ಹಾಲು ಹಾಕದ ಮೀನು ಬಡಿಸಿದಳು. ಈಸ್ಟರಿನಿಂದೀಚೆಗೆ ಊಟದ ಪ್ರಾರ್ಥನೆಯನ್ನು ಅವಳೇ ಹೇಳುತ್ತಿದ್ದಳು. ಕುಡುಕನ ಬಾಯಲ್ಲಿ ಅದು ಬೇಡವೆಂದು ತಾನೇ ಕಿತ್ತುಕೊಂಡಿದ್ದಳು. ಇವತ್ತು ಕೈಮುಗಿದು ಸುಮ್ಮನೆ ಕುಳಿತಳು.

ಅವನೂ ಕೈಮುಗಿದು ಕಣ್ಣು ಮುಚ್ಚಿದ.

"ನೀವು ಹೇಳಿ" ಎಂದಳು, ಮೆಲ್ಲಗೆ.

ಅವನ ತುಟಿ ಅಲುಗಲಿಲ್ಲ. ಹೊರಗೆ ದೀವಿಹಲಸಿನ ಬುಡದಲ್ಲಿ ಹಂದಿಗಳು ಮಣ್ಣು ಕೆದಕುತ್ತಿದ್ದವು. ಇಬ್ಬರ ನಡುವೆ ಗಡ್ಡೆಯ ಮೇಲಿನ ಹಬೆ ತೆಳುವಾಗುತ್ತಾ ಬಂತು.